ಹುಳದ ಜ್ವರವೂ ವಾರಗಿತ್ತಿಯ ಕಾಲೂ

ಕಾರ್ತೀಕ ಮಾಸದ ಒಂದು ಸೋಮವಾರ, ಬೆಳಿಗ್ಗೆ ಆರೂವರೆ. ಸ್ಥಳ, ಹುತ್ತೂರಿನ ಆಚೆ ನಮ್ಮ ಹಿಪ್ಪುನೇರಳೆ ತೋಟ. ಹಾಜರಿದ್ದವರು ಐವರು: ನಾನು, ನನ್ನ ವಾರಗಿತ್ತಿ, ಅವಳ ಗಂಡ ಅಂದರೆ ನನ್ನ ಮೈದುನ, ಮತ್ತು ಸೊಪ್ಪು ಕೊಯ್ಯಲು ಬಂದ ಇಬ್ಬರು ಹೆಂಗಸರು. ಆ ಇಬ್ಬರಲ್ಲಿ ಒಬ್ಬಳು ಸುಗಟೂರಿನವಳು. ಇನ್ನೊಬ್ಬಳು ಮುಳಬಾಗಿಲ ಕಡೆಯಿಂದ ಮದುವೆಯಾಗಿ ಬಂದವಳು. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಹೀಗೆ ಯಾರು ಯಾರು ಇದ್ದಾರೆ ಎಂದು ಮೊದಲು ನೋಡಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ನಿವೃತ್ತಿಯಾದ ಮೇಲೂ ಅದು ಹೋಗಿಲ್ಲ.

ನಾನು ಕೋಲಾರದ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿ ನರ್ಸ್ ಆಗಿದ್ದೆ. ಅಲ್ಲಿಗೆ ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಕೆಲಸದ ಗಾಯಗಳೇ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಸೀಳಿದ ಅಂಗೈ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಪೆಟ್ಟಿಗೆಯ ಮೊಳೆ ತುಳಿದ ಪಾದ, ಎಲ್ಲೆಲ್ಲಿಂದಲೋ ಕುಡುಗೋಲು ತಗುಲಿದ ಬೆರಳು. ಒತ್ತಿ ಹಿಡಿಯುವುದು, ತೊಳೆಯುವುದು, ಕಟ್ಟುವುದು, ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ತೆಗೆದುಕೊಂಡದ್ದು ಎಂದು ಕೇಳುವುದು. ಈ ಕ್ರಮ ಒಂದು ದಿನವೂ ಅದಲುಬದಲಾಗಲಿಲ್ಲ. ನನ್ನವರು ತೀರಿಕೊಂಡ ಮೇಲೆ ಊರಿನ ಮನೆಯ ನಮ್ಮ ಪಾಲಿನ ಅರ್ಧದಲ್ಲಿ ಬಂದು ನೆಲೆಸಿದೆ. ಇನ್ನರ್ಧ ಮೈದುನನದು. ನಡುವೆ ಒಂದೇ ಗೋಡೆ.

ಬಂದ ವಾರವೇ ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ ಸಿದ್ಧಮಾಡಿ ಜಗಲಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟೆ. ಹತ್ತಿ, ಗಾಯಕ್ಕಿಡುವ ಗಾಸ್ ಬಟ್ಟೆ, ಪಟ್ಟಿ, ಸೋಪು, ಕತ್ತರಿ, ಚಿಮಟ. ಭಾನುವಾರ ಭಾನುವಾರ ತೆರೆದು ಅವಧಿ ಮುಗಿದದ್ದನ್ನು ಎಸೆದು ಹೊಸದನ್ನು ತಂದಿಟ್ಟೆ. ಎಸೆದದ್ದೇ ಹೆಚ್ಚು, ಬಳಸಿದ್ದು ಕಡಿಮೆ. ಏಕೆಂದರೆ ಕೈ ಕೊಯ್ದುಕೊಂಡವರು ನನ್ನ ಜಗಲಿಯನ್ನು ದಾಟಿ, ಗೋಡೆಯ ಆಚೆ ನನ್ನ ವಾರಗಿತ್ತಿಯ ಅಡುಗೆ ಮನೆಗೆ ಹೋಗುತ್ತಿದ್ದರು. ಅವಳು ಕಾಫಿ ಪುಡಿ ಒತ್ತುತ್ತಿದ್ದಳು. ಇಲ್ಲವಾದರೆ ಸುಣ್ಣ ಅರಿಶಿನ. ಮೇಲೆ ಹಳೆಯ ಸೀರೆಯ ಅಂಚು ಹರಿದು ಕಟ್ಟಿ, ಒಂದು ಲೋಟ ಕಾಫಿ ಕೊಟ್ಟು, ಏನಾದರೂ ಒಂದು ತಮಾಷೆ ಹೇಳಿ ಕಳುಹಿಸುತ್ತಿದ್ದಳು. ಗೋಡೆಯ ಈಚೆ ಕೂತು ನಾನು ಆ ನಗು ಕೇಳಿಸಿಕೊಳ್ಳುತ್ತಿದ್ದೆ. ಅವಳು ಓದಿದ್ದು ಏಳನೇ ಕ್ಲಾಸು. ಅವಳಿಗೆ ಎಲ್ಲರೂ "ನೀನು" ಅನ್ನುತ್ತಾರೆ. ನನಗೆ, ವಾರಗಿತ್ತಿಯೊಬ್ಬಳನ್ನು ಬಿಟ್ಟು, "ನೀವು". ಗೌರವವೇ ಇರಬಹುದು, ಆದರೆ ನೋವಾದಾಗ ಯಾರೂ "ನೀವು" ಇರುವ ಕಡೆ ಓಡುವುದಿಲ್ಲ.

ಆ ಸೋಮವಾರ ಹುಳದ ಮನೆಯಲ್ಲಿ ಕೆಲಸ ಮಿತಿಮೀರಿತ್ತು. ರೇಷ್ಮೆ ಸಾಕುವವರ ಮಾತಿನಲ್ಲಿ ಹುಳ ಪೊರೆ ಬಿಡುವ ಮುಂಚೆ ತಿನ್ನದೆ ಅಲುಗಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಹುಳ ಹೀಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ನಾಲ್ಕು ಸಲ ಏಳುತ್ತದೆ. ನಾಲ್ಕನೆಯದರಿಂದ ಎದ್ದ ಮೇಲೆ ಅದರ ಹಸಿವಿಗೆ ಕೊನೆಯಿಲ್ಲ. ದಿನಕ್ಕೆ ಮೂರು ಹೊತ್ತು ಕಡ್ಡಿ ಸಮೇತ ಸೊಪ್ಪು ಹಾಕಬೇಕು. ನಮ್ಮವು ಶುಕ್ರವಾರ ಎದ್ದಿದ್ದವು. ಆದ್ದರಿಂದ ತೋಟದಲ್ಲಿ ಮೂವರು ಹೆಂಗಸರು, ಎಂದರೆ ಅವರಿಬ್ಬರು ಮತ್ತು ನಾನು, ಕುಡುಗೋಲು ಹಿಡಿದು ಬಗ್ಗಿದ್ದೆವು. ಮೈದುನ ಹೊರೆ ಸಾಗಿಸುತ್ತಿದ್ದ. ವಾರಗಿತ್ತಿ ಹುಳದ ಮನೆಗೂ ತೋಟಕ್ಕೂ ಓಡಾಡುತ್ತಾ ಎಲ್ಲರನ್ನೂ ನಗಿಸುತ್ತಿದ್ದಳು.

ಕಡ್ಡಿ ಕೊಯ್ಯುವುದರಲ್ಲಿ ಎರಡು ಅಪಾಯ. ಇವರು ಎಡಗೈಯಲ್ಲಿ ಕಡ್ಡಿಯನ್ನು ಬುಡದಲ್ಲೇ ಹಿಡಿದು ಕುಡುಗೋಲನ್ನು ತಮ್ಮ ಕಡೆಗೆ ಜಗ್ಗುತ್ತಾರೆ. ಜಾರಿದರೆ ತೋರುಬೆರಳು ಎದುರಿಗೇ ಇರುತ್ತದೆ. ಎರಡನೆಯದು, ಜಗ್ಗಿದ ಏಟಿಗೆ ಕಡ್ಡಿ ಓರೆಯಾಗಿ ಕತ್ತರಿಸಿ, ನೆಲದಲ್ಲಿ ಉಳಿದ ಮೋಟು ಭರ್ಜಿಯ ಮೊನೆಯಂತೆ ನಿಲ್ಲುತ್ತದೆ. ನಾಲ್ಕು ದಿನದಲ್ಲಿ ಒಣಗಿ ಗಟ್ಟಿಯಾಗುತ್ತದೆ, ಕಳೆ ಬೆಳೆದು ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಬರಿಗಾಲು. ಕಡ್ಡಿಯನ್ನು ಎತ್ತರದಲ್ಲಿ ಹಿಡಿಯಿರಿ, ಎಡಗೈಗೆ ದಪ್ಪ ಗ್ಲೌಸು ಹಾಕಿ, ಮೋಟನ್ನು ಗರಗಸದಿಂದ ಮಟ್ಟಸ ಮಾಡಿ, ಕಾಲಿಗೆ ಬೂಟು ಹಾಕಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದೇನೆ. ಕೋಲಾರದಿಂದ ಮೂರು ಜೊತೆ ಗಂಬೂಟು ಕೊಂಡು ತಂದೂ ಕೊಟ್ಟೆ.

"ಸೊಪ್ಪಿನ ತೋಟಕ್ಕೆ ಮೆಟ್ಟು ಹಾಕ್ಕೊಂಡ್ ಹೋಗ್ತಾರಾ ಅಕ್ಕ? ಹುಳ ಒಲಿಯಲ್ಲ" ಎಂದಳು ವಾರಗಿತ್ತಿ. ಎರಡು ಜೊತೆ ಅಟ್ಟ ಸೇರಿದವು. ಮೂರನೆಯದನ್ನು ಟೊಮೆಟೊ ತೋಟದ ನಡುವೆ ಗಳಕ್ಕೆ ತಲೆಕೆಳಗಾಗಿ ಕಟ್ಟಿದಳು, ದೃಷ್ಟಿಗೆ. ಹೊಸ ಬೂಟು! ಬಸ್ಸಿನಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಟೊಮೆಟೊ ಆ ಸಲ ಚೆನ್ನಾಗಿಯೇ ಬಂತು, ಆ ಹೆಸರೂ ಅವಳಿಗೇ ಬಂತು.

ಏಳು ಗಂಟೆಯ ಹೊತ್ತಿಗೆ "ಅಮ್ಮೋ!" ಎಂಬ ಕೂಗು ಕೇಳಿತು. ಮುಳಬಾಗಿಲವಳ ಎಡಗೈ ತೋರುಬೆರಳಿನಿಂದ ರಕ್ತ ಸುರಿಯುತ್ತಿತ್ತು. ನಾನು ಬದುವಿನ ಮೇಲಿಟ್ಟಿದ್ದ ಡಬ್ಬಿ ತರುವಷ್ಟರಲ್ಲಿ ಅವಳು ಬೆರಳನ್ನು ವಾರಗಿತ್ತಿಯ ಮುಂದೆ ಚಾಚಿ ನಿಂತಾಗಿತ್ತು. ವಾರಗಿತ್ತಿ ಬದುವಿನಿಂದ ಗಾಯದ ಸೊಪ್ಪು ಕಿತ್ತು ಅಂಗೈಯಲ್ಲಿ ಉಜ್ಜುತ್ತಿದ್ದಳು.

"ಅದನ್ನ ಎಸಿ" ಅಂದೆ. "ಮಣ್ಣು ಮೆತ್ತಿರೋ ಕೈ, ಮಣ್ಣು ಮೆತ್ತಿರೋ ಸೊಪ್ಪು." ಮುಳಬಾಗಿಲವಳ ಕಡೆ ತಿರುಗಿದೆ. "ನೀನು ಕೈ ಎತ್ತೇ. ಎದೆಗಿಂತ ಮೇಲೆ."

ಗಾಸ್ ಬಟ್ಟೆ ಮಡಿಸಿ ಬೆರಳಿನ ಮೇಲಿಟ್ಟು ಒತ್ತಿ ಹಿಡಿದೆ. ಐದು ನಿಮಿಷ ಬಿಡಲಿಲ್ಲ. ನಡುನಡುವೆ ಬಿಚ್ಚಿ ಇಣುಕಿದರೆ ಕಟ್ಟಿಕೊಳ್ಳುತ್ತಿರುವ ರಕ್ತ ಮತ್ತೆ ಒಡೆಯುತ್ತದೆ. ನಿಂತ ಮೇಲೆ ಬೋರ್‌ವೆಲ್ ನೀರು ಬೀಳುವ ಕಡೆ ಕರೆದೊಯ್ದು, ಹರಿಯುವ ನೀರಿಗೆ ಬೆರಳು ಹಿಡಿದು ಸೋಪು ಹಾಕಿ ತೊಳೆದೆ.

"ಮಂಟ, ಮಂಟ!" ಎಂದು ಅವಳು ಕುಣಿದಳು. ಉರಿಗೆ ಅವಳ ತೆಲುಗಿನಲ್ಲಿ ಮಂಟ. "ಅಯ್ಯಯ್ಯೋ ಮೆಲ್ಲಗೆ ಸೂದಮ್ಮ!"

ಸುಗಟೂರಿನವಳು ಆಕಾಶ ನೋಡಿದಳು. ಸೂದಿ ಎಂದರೆ ತೆಲುಗಿನಲ್ಲಿ ಸೂಜಿ. ಇದು ಆ ಗಳಿಗೆಗೆ ಹುಟ್ಟಿದ ಹೆಸರಲ್ಲ, ಬಹಳ ದಿನ ಬಳಸಿ ನಯವಾದ ಹೆಸರು ಎಂಬುದು ಅವಳು ನಾಲಿಗೆ ಕಚ್ಚಿಕೊಂಡ ರೀತಿಯಲ್ಲೇ ತಿಳಿಯಿತು.

"ಏನಂದೆ?"

"ಏನಿಲ್ಲ ದೊಡ್ಡಮ್ಮ. ಸುಮ್ನೆ ಬಾಯ್ಗೆ ಬಂತು."

ವಾರಗಿತ್ತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಭುಜ ಕುಲುಕುತ್ತಿತ್ತು. ಹೆಸರಿಟ್ಟವರು ಯಾರು ಎಂದು ನಾನು ಕೇಳಬೇಕಾಗಲಿಲ್ಲ. ಬೆರಳನ್ನು ಒರಸಿ ನೋಡಿದೆ: ಆಳವಿಲ್ಲ, ಬೆರಳು ಮಡಿಸಲು ಬರುತ್ತಿದೆ, ತುದಿಯಲ್ಲಿ ಸ್ಪರ್ಶ ತಿಳಿಯುತ್ತಿದೆ, ಹೊಲಿಗೆ ಬೇಡ. ಪಟ್ಟಿ ಸುತ್ತಿ ಮೇಲೊಂದು ರಬ್ಬರು ಗ್ಲೌಸು ತೊಡಿಸಿದೆ. ಚುಚ್ಚುಮದ್ದು ಹೋದ ವರ್ಷ ಆಗಿದೆ ಎಂದಳು. ಸರಿ ಎಂದೆ. ಅವಳು ಬೆರಳನ್ನು ಒಂದು ಸಲ ತಿರುಗಿಸಿ ನೋಡಿ, ನೇರವಾಗಿ ವಾರಗಿತ್ತಿಯ ಹತ್ತಿರ ಹೋಗಿ "ನೀನ್ ಇದ್ದಿದ್ಕೆ ಧೈರ್ಯ ಆಯ್ತು ಚಿಕ್ಕಮ್ಮ" ಎಂದಳು.

ನಾನು ಡಬ್ಬಿ ಮುಚ್ಚಿದೆ. ಸ್ವಲ್ಪ ಜೋರಾಗಿಯೇ ಮುಚ್ಚಿದೆ.

ಒಂಬತ್ತಕ್ಕೆ ಮೊದಲ ಹೊತ್ತಿನ ಸೊಪ್ಪು ಹೋಗಬೇಕು. ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ನೆನೆಸಿದ ಗೋಣಿತಾಟು ಹಾಸಿರುತ್ತದೆ. ಒಳಗೆ ಕಾಲಿಡುವವರು ಅದನ್ನು ತುಳಿದೇ ಹೋಗಬೇಕು, ಹೊರಗಿನ ರೋಗ ಹುಳಕ್ಕೆ ತಗುಲಬಾರದೆಂದು. ಆ ಒಂದು ವಿಷಯದಲ್ಲಿ ವಾರಗಿತ್ತಿ ನನಗಿಂತ ಕಟ್ಟುನಿಟ್ಟು. ರೇಷ್ಮೆ ಇಲಾಖೆಯ ಅಧಿಕಾರಿ ಬಂದಾಗಲೂ "ಸಾರ್, ತಾಟು" ಎಂದು ತಡೆದು ನಿಲ್ಲಿಸಿದವಳು. ಆ ದಿನ ನಾನು ಹೊರೆ ಹಿಡಿದು ಅವಳ ಹಿಂದೆಯೇ ಇದ್ದೆ. ಅವಳು ಬಲಗಾಲನ್ನು ತಾಟಿನ ಮೇಲಿಟ್ಟಳು. ಎಡಗಾಲನ್ನು ಮೇಲೆತ್ತಿ, ಒಂದೇ ಕಾಲಲ್ಲಿ ಹಾರಿ, ಹೊಸ್ತಿಲು ದಾಟಿದಳು.

"ಏನೇ ಅದು, ಕುಂಟೆಬಿಲ್ಲೆ ಆಡ್ತೀಯಾ?"

"ನನ್ ಮನೆ ತಾಟು, ನಾನ್ ಹೆಂಗಾದ್ರೂ ತುಳೀತೀನಿ" ಎಂದಳು, ತಿರುಗಿ ನೋಡದೆ.

ನನ್ನ ಮನೆ ಎಂದು ಒತ್ತಿ ಹೇಳಿದ್ದು ನನಗೆ ನಾಟಿತು. ಅದು ನಾಟಿದ್ದರಿಂದಲೇ ಅವಳ ಕಾಲಿನ ಕಡೆ ನನ್ನ ಗಮನ ಹೋಗಲಿಲ್ಲ. ಹೊರೆ ಇಳಿಸಿ ಹೊರಗೆ ಬಂದೆ. ಒಳಗೆ ಮೈದುನ ದನಿ ತಗ್ಗಿಸಿ ಕೇಳುತ್ತಿದ್ದ:

"ಜ್ವರ ಬಿಡ್ತೇನೇ?"

"ಬೆಳಗಿನ ಜಾವ ಬಿಡ್ತು. ಸುಮ್ನಿರು, ಆಚೆ ಕೇಳಿಸ್ತದೆ."

ಹುಳದ ಜ್ವರದ ಮಾತನ್ನು ನನ್ನಿಂದ ಮುಚ್ಚಿಡುವುದು ಏನಿದೆ ಎಂದುಕೊಂಡೆ. ಸೊಪ್ಪು ಕೊಯ್ಯಲು ನಾನು ಬೇಕು, ಬೆಳೆ ಹೇಗಿದೆ ಎಂದು ತಿಳಿಯಲು ನಾನು ಬೇಡ. ಹುಳಕ್ಕೆ ಏನಾದರೂ ರೋಗ ಬಂದಿದ್ದರೆ ನನ್ನ ಕಣ್ಣು ತಾಗಿತು ಎಂದು ನಾಳೆ ಹೇಳುತ್ತಾರೋ ಏನೋ. ಈ ಯೋಚನೆಯಲ್ಲಿ ಎರಡು ಸಾಲು ಕಡ್ಡಿ ಕೊಯ್ದೆ. ನನ್ನ ಸಾಲಿನ ಮೋಟುಗಳು ಕೂಡ ಓರೆಯಾಗಿಯೇ ನಿಂತವು, ಅಷ್ಟು ಬೀಸಾಗಿ ಕೊಯ್ಯುತ್ತಿದ್ದೆ.

ಮೂರನೇ ಸಾಲಿನ ಮೊದಲಲ್ಲಿ ಕೈ ನಿಂತಿತು. ಹುಳ ಶುಕ್ರವಾರವೇ ಎದ್ದಿವೆ. ಇನ್ನು ಅವಕ್ಕೆ ಜ್ವರವಿಲ್ಲ, ಹಣ್ಣಾಗಿ ಗೂಡು ಕಟ್ಟುವುದಷ್ಟೇ ಬಾಕಿ. ಇಷ್ಟಕ್ಕೂ ಹುಳದ ಜ್ವರಕ್ಕೆ ನಮ್ಮಲ್ಲಿ ಯಾರೂ "ಬಿಡ್ತು" ಅನ್ನುವುದಿಲ್ಲ. ಹುಳ ಜ್ವರಕ್ಕೆ ಕೂರುತ್ತದೆ, ಜ್ವರದಿಂದ ಏಳುತ್ತದೆ. ಬರುವುದು, ಬಿಡುವುದು ಮನುಷ್ಯರ ಜ್ವರ. ಒಂದೇ ಕಾಲಲ್ಲಿ ಹಾರಿದ್ದು ಆಗ ಕಣ್ಣಮುಂದೆ ಬಂತು. ಗಾಯವಿರುವ ಪಾದವನ್ನು ಬ್ಲೀಚಿಂಗ್ ನೀರಿನಲ್ಲಿ ಇಡಲು ಯಾರಿಗೂ ಆಗುವುದಿಲ್ಲ.

ಕುಡುಗೋಲನ್ನು ನೆಲಕ್ಕೆ ಎಸೆಯಬಾರದು ಎನ್ನುವುದು ನನ್ನದೇ ನಿಯಮ. ಅದನ್ನು ಮರದ ಕೊಂಬೆಗೆ ಸಿಕ್ಕಿಸಿ, ಡಬ್ಬಿ ಎತ್ತಿಕೊಂಡು ಹೊರಟೆ.

ಅವಳು ಹುಳದ ಮನೆಯ ಹಿಂದೆ ನೆರಳಿನಲ್ಲಿ ಕಡ್ಡಿ ಹೊರೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಕಾಲು ತೋರಿಸು."

"ಯಾಕೆ?"

"ತೋರಿಸು ಅಂದೆ."

"ಏನಿಲ್ಲಕ್ಕ. ಶುಕ್ರವಾರ ಮೋಟು ಚುಚ್ತು. ಸುಣ್ಣ ಅರಿಶಿನ ಕಟ್ಟಿದೀನಿ. ಮೇಲೆಲ್ಲ ಮುಚ್ಕೊಂಡದೆ."

"ನಾಲ್ಕು ದಿನ ಆಯ್ತು, ಗೋಡೆ ಆಚೆ ನಾನಿದ್ದೆ. ಕರೆಯೋಕೆ ಏನಾಗಿತ್ತು?"

"ಕರೆದ್ರೆ ಮೊದ್ಲು ಬೈಗುಳ, ಆಮೇಲೆ ಬ್ಯಾಂಡೇಜು. ನಂಗೆ ಬೈಗುಳ ತಿನ್ನೋಕೆ ಹೊಟ್ಟೇಲಿ ಜಾಗ ಇರ್ಲಿಲ್ಲ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿನ್ ಔಷಧಿ ವಾಸನೆ ಹುಳಕ್ಕೆ ಆಗಲ್ಲ. ಕಾಲಿಗೆ ಹಚ್ಕೊಂಡು ನಾನು ಒಳಗೆ ಹೋಗೋದು ಹೆಂಗೆ?"

ಕೈ ತೊಳೆದು, ಅವಳ ಪಾದವನ್ನು ನನ್ನ ಮಂಡಿಯ ಮೇಲಿಟ್ಟುಕೊಂಡು ಕಟ್ಟು ಬಿಚ್ಚಿದೆ. ಸುಣ್ಣ ಗಟ್ಟಿಯಾಗಿ ಮೆತ್ತಿತ್ತು. ನೀರು ಹಾಕಿ ನೆನೆಸಿ ತೆಗೆದೆ. ಹೆಬ್ಬೆರಳ ಬುಡದಲ್ಲಿ ಒಂದು ಕಪ್ಪು ಚುಕ್ಕೆ, ಎಳ್ಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಆದರೆ ಸುತ್ತ ಕೆಂಪಗೆ ಊದಿ ಚರ್ಮ ಮಿರಮಿರ ಮಿನುಗುತ್ತಿತ್ತು. ಕೈಯ ಹಿಂಬದಿ ತಾಗಿಸಿದರೆ ಬಿಸಿ. ಕೆಂಪು ಪಾದದ ಮೇಲ್ಭಾಗಕ್ಕೆ ಹತ್ತಲು ಶುರುವಾಗಿತ್ತು.

ಕೊಯ್ದ ಗಾಯ ಬಾಯಿ ತೆರೆದಿರುತ್ತದೆ, ಕಂಡವರಿಗೆ ಹೆದರಿಕೆಯಾಗುತ್ತದೆ, ರಕ್ತ ಹರಿದು ಕೊಳೆಯೂ ಅಷ್ಟಿಷ್ಟು ಹೊರಗೆ ಹೋಗುತ್ತದೆ. ಚುಚ್ಚಿದ ಗಾಯ ಹಾಗಲ್ಲ. ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಹೋದದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಅವಳು ಅದರ ಬಾಯಿಗೆ ಸುಣ್ಣವನ್ನೂ ಬಡಿದಿದ್ದಳು. ಮೇಲಾಗಿ ಅವಳಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಇರುವವರ ಪಾದದ ಇಂಥ ಚುಕ್ಕೆಗಳು ಡ್ರೆಸ್ಸಿಂಗ್ ಕೋಣೆಯಲ್ಲಿ ಏನೇನಾದವು ಎಂದು ನಾನು ನೋಡಿದ್ದೇನೆ. ಮೊದಲು ಬೆರಳು ಹೋಗುತ್ತದೆ. ಎಲ್ಲಿಗೆ ನಿಲ್ಲುತ್ತದೆ ಎಂದು ಆಮೇಲೆ ಡಾಕ್ಟರೂ ಹೇಳಲಾರರು.

"ಪಿನ್ ತಗೊಂಡು ಕೆದಕಿ ತೆಗ್ದುಬಿಡಕ್ಕ. ನಿನ್ ಕೈಲಿ ಆಗಲ್ವಾ?"

"ಆಗಲ್ಲ ಅಂತಲ್ಲ, ಮಾಡಬಾರದು. ಕೆದಕಿದ್ರೆ ಇನ್ನೂ ಒಳಗೆ ಹೋಗ್ತದೆ. ಹಿಂಡಬಾರದು ಕೂಡ. ಈಗಲೇ ಆಸ್ಪತ್ರೆಗೆ ನಡಿ. ಒಳಗೆ ಚೂರು ಉಳಿದಿದೆ."

"ಶುಕ್ರವಾರ ಹುಳ ಹಣ್ಣಾಗ್ತವೆ. ಶನಿವಾರ ಹೋಗ್ತೀನಿ."

"ಶನಿವಾರಕ್ಕೆ ಕಾಲಿರಲ್ಲ."

"ನೀನು ಎಲ್ರಿಗೂ ಹಂಗೇ ಹೆದರಿಸ್ತೀಯಾ" ಎಂದು ಏಳಲು ಹೋದಳು.

ಸತ್ಯ ಹೇಳಿದೆ, ಗದರಿದೆ, ಕೊನೆಗೆ ದನಿ ಇಳಿಸಿ ಬೇಡಿಕೊಂಡೆ. ಅವಳು ಕೇಳಲಿಲ್ಲ. ಮೈದುನ ಬಂದು ನಿಂತು "ಹೋಗೋಣ ಕಣೇ" ಎಂದ. ಅವನ ಮಾತು ಅವಳು ಎಂದೂ ಕೇಳಿದವಳಲ್ಲ. ಅವಳು ಕೇಳುವುದು ಯಾರ ಮಾತು ಎಂದು ನನಗೆ ಗೊತ್ತಿತ್ತು. ಅವಳ ಸಭೆಯವರ ಮಾತು. ಅವರನ್ನು ನಾನು ಕರೆಯಬೇಕು, ಅವಳ ಮೇಲೆ ಅವರಿಗಿರುವ ಸಲಿಗೆಯನ್ನು ನಾನು ಸಾಲ ಕೇಳಬೇಕು. ಆದರೂ ತೋಟದ ಕಡೆ ತಿರುಗಿ ಕೂಗಿದೆ. ಮಂಡಿಯ ಮೇಲೆ ಅವಳ ಪಾದದ ಬಿಸಿ ಇನ್ನೂ ಇತ್ತು.

ಇಬ್ಬರೂ ಓಡಿ ಬಂದರು. ಕಾಲು ತೋರಿಸಿ ಎರಡು ಮಾತಿನಲ್ಲಿ ವಿಷಯ ಹೇಳಿದೆ.

ಸುಗಟೂರಿನವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಲೇ ಚಿಕ್ಕಮ್ಮ, ಕಾಲು ಕಳ್ಕೊಂಡ್ರೆ ನಿನ್ನ ಎತ್ಕೊಂಡು ತಿರುಗೋರು ಯಾರು? ಚಿಕ್ಕಪ್ಪನ್ನ ನೋಡು. ಅರ್ಧ ಹೊರೆ ಸೊಪ್ಪಿಗೇ ಉಸ್ ಅಂತಾನೆ. ನೀನು ನಾಲ್ಕು ಹೊರೆ ಇದೀಯಾ."

"ನಾಲ್ಕು ಎಲ್ಲೈತೆ, ಮೂರೂವರೆ" ಎಂದಳು ವಾರಗಿತ್ತಿ.

"ತೂಕ ಆಮೇಲೆ ಹಾಕೋಣ, ಮೊದ್ಲು ಲೇ" ಎಂದಳು ಮುಳಬಾಗಿಲವಳು. ತೆಲುಗಿನ "ಲೇ", ಎದ್ದೇಳು ಎಂದು. "ನನ್ ಬೆರಳಿಗೆ ಇಷ್ಟು ದೊಡ್ಡ ಗ್ಲೌಸು. ನಿನ್ ಕಾಲಿಗೆ ಏನ್ ಹಾಕ್ತಾರೋ ನೋಡ್ಕೊಂಡ್ ಬಾ, ನಂಗೂ ಹೇಳುವಂತೆ."

ವಾರಗಿತ್ತಿ ನಕ್ಕಳು. ಎದ್ದಳು. ಅಷ್ಟೇ. ಮೂರೇ ಮಾತಿಗೆ. ನಾನು ಅಷ್ಟು ಹೊತ್ತು ಹೇಳಿದ್ದೂ ಅದೇ ಅಲ್ಲವೇ?

ಪಾದವನ್ನು ಸೋಪು ನೀರಿನಲ್ಲಿ ಮತ್ತೊಮ್ಮೆ ತೊಳೆದು, ಒಣಗಿಸಿ, ಒತ್ತದಂತೆ ಸಡಿಲವಾಗಿ ಕಟ್ಟಿದೆ. ಆಟೋ ಬಂತು. ಕಾಲನ್ನು ಎದುರು ಸೀಟಿನ ಮೇಲೆ ಚಾಚಿಸಿ ಕೂರಿಸಿದೆ. ನಾನು ಆಗಲೇ ಮನೆಗೆ ಹೋಗಿ ಇಸ್ತ್ರಿಯ ಸೀರೆ ಉಟ್ಟು ಬಂದಿದ್ದೆ. ಹೋಗುತ್ತಿರುವುದು ನನ್ನ ಆಸ್ಪತ್ರೆಗೆ. ಆ ಕೋಣೆ, ಆ ಟ್ರೇ, ಆ ಕಿಟಕಿ ನನಗೆ ಗೊತ್ತು. ನಾನು ಜೊತೆಗಿದ್ದರೆ ಎಲ್ಲ ಸರಾಗ.

"ನೀನೆಲ್ಲಿಗಕ್ಕ?" ಎಂದಳು.

"ನಿನ್ನ ಜೊತೆಗೆ."

"ಬೇಡ. ಇವನು ಬರ್ತಾನೆ. ನೀನು ಹುಳ ನೋಡ್ಕೋ. ಹೊತ್ತು ತಪ್ಪಿಸದೋಳು ಈ ಮನೇಲಿ ನೀನೊಬ್ಳೇ. ಅವರಿಬ್ರೂ ಮಾತಿಗೆ ಕೂತ್ರೆ ಹುಳ ಉಪವಾಸ."

ಹೊಗಳಿಕೆಯೇ. ಬೇರೆ ಯಾವ ದಿನವಾದರೂ ನಾನು ಅದನ್ನು ಗಂಟು ಕಟ್ಟಿ ಇಟ್ಟುಕೊಳ್ಳುತ್ತಿದ್ದೆ. ಆದರೆ ಅವಳು ನನ್ನ ಕೋಣೆಗೆ ಹೋಗುತ್ತಾಳೆ, ನಾನು ಅವಳ ಕೋಣೆಯಲ್ಲಿ ಉಳಿಯುತ್ತೇನೆ. ಚುಚ್ಚುಮದ್ದಿನ ವಿಷಯ ಮರೆಯದೆ ಹೇಳು, ಸಕ್ಕರೆ ಇರುವುದನ್ನು ಮೊದಲು ಹೇಳು, ಸುಣ್ಣ ಹಚ್ಚಿದ್ದನ್ನು ಮುಚ್ಚಿಡಬೇಡ ಎಂದು ಮೈದುನನಿಗೆ ಮೂರು ಸಲ ಹೇಳಿ ಕಳುಹಿಸಿದೆ. ಇಸ್ತ್ರಿ ಸೀರೆ ಬಿಚ್ಚಿಟ್ಟು ತಾಟು ತುಳಿದು ಒಳಗೆ ಹೋದೆ.

ಎರಡನೇ ಹೊತ್ತಿನ ಸೊಪ್ಪು ಎರಡು ಗಂಟೆಗೆ ಸರಿಯಾಗಿ ಹಾಕಿದೆ. ಹಾಕಿ ಹೊರಗೆ ಬರುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ನನ್ನ ಕೈಕೆಳಗೆ ಕೆಲಸ ಕಲಿತು ಈಗ ಆ ಕೋಣೆ ನೋಡಿಕೊಳ್ಳುವ ನರ್ಸ್.

"ಸಿಸ್ಟರ್, ಗಾಬರಿ ಬೇಡಿ. ಮರಗಟ್ಟಿಸಿ, ಸ್ವಲ್ಪ ಕೊಯ್ದು ಚೂರು ತೆಗೆದ್ರು. ಭತ್ತದ ಕಾಳಿನಷ್ಟಿತ್ತು, ತೊಗಟೆ ಸಮೇತ. ಕೀವು ಕಟ್ಟಿತ್ತು. ಮೂಳೆಗೆ ಹೋಗಿಲ್ಲ. ಟಿಟಿ ಕೊಟ್ಟಿದ್ದಾಯ್ತು. ಇನ್ನೆರಡು ದಿನ ಬಿಟ್ಟಿದ್ರೆ ಬೆರಳು ಕಷ್ಟ ಇತ್ತಂತೆ." ಅವಳು ಮುಂದುವರಿಸಿದಳು: "ನಿಮ್ಮ ವಾರಗಿತ್ತಿ ಏನ್ ಸಿಸ್ಟರ್ ಅಷ್ಟು ತಮಾಷೆ! ಕೊಯ್ತಾ ಇದ್ರೂ ಡಾಕ್ಟರನ್ನೇ ನಗಿಸ್ತಾ ಇದ್ರು. ಕೋಣೇಲಿ ಎಲ್ರೂ ಬಿದ್ದು ಬಿದ್ದು ನಗ್ತಾ ಇದ್ವಿ."

ನಾನಿದ್ದಷ್ಟು ವರ್ಷ ಆ ಕೋಣೆಯಲ್ಲಿ ಯಾರೂ ನಕ್ಕ ನೆನಪಿಲ್ಲ. ಟ್ರೇ ಮುಚ್ಚಿಟ್ಟಿದ್ದೀರಾ ಎಂದು ಕೇಳಿ ಫೋನ್ ಇಟ್ಟೆ.

ಸ್ವಲ್ಪ ಹೊತ್ತಿಗೆ ವಾರಗಿತ್ತಿಯದೇ ಫೋನ್ ಬಂತು, ನನಗಲ್ಲ, ಸುಗಟೂರಿನವಳಿಗೆ. ಅವಳು ಸ್ಪೀಕರ್ ಹಾಕಿದಳು.

"ಲೇ, ಇಬ್ರೂ ಕೇಳ್ರೇ. ಆ ಮೋಟುಗಳನ್ನೆಲ್ಲ ಇವತ್ತೇ ಗರಗಸದಲ್ಲಿ ಮಟ್ಟಸ ಮಾಡ್ರಿ. ಅಟ್ಟದ ಮೇಲೆ ಬೂಟು ಅದೆ, ಹಾಕ್ಕೊಳ್ಳಿ. ಒಳಗೆ ಜಿರಳೆ ಇದ್ರೆ ಕೊಡವಿ."

"ಹುಳ ಒಲಿಯಲ್ಲ ಅಂತ ನೀನೇ ಅಂದಿದ್ದೆ?" ಎಂದಳು ಸುಗಟೂರಿನವಳು.

"ಹುಳಕ್ಕೆ ನಾನು ಹೇಳ್ಕೊಳ್ತೀನಿ. ನೀವು ಹಾಕ್ಕೊಳ್ರೇ."

ಕಾಲು ಗಂಟೆಯೊಳಗೆ ಇಬ್ಬರೂ ಮೊಣಕಾಲುದ್ದ ಬೂಟಿನಲ್ಲಿ ದಪದಪ ಎನ್ನುತ್ತಾ ತೋಟದಲ್ಲಿದ್ದರು. ಒಬ್ಬಳು ಕಳೆ ಸರಿಸಿ ಮೋಟು ತೋರಿಸುತ್ತಿದ್ದಳು, ಇನ್ನೊಬ್ಬಳು ನೆಲದ ಮಟ್ಟಕ್ಕೆ ಗರಗಸ ಆಡಿಸುತ್ತಿದ್ದಳು. ಎರಡು ವರ್ಷ! ನಾನು ಎರಡು ವರ್ಷ ಹೇಳಿದ್ದನ್ನು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತು ಒಂದು ಫೋನಿನಲ್ಲಿ ಮಾಡಿಸಿದಳು. ನಾನೂ ಒಂದು ಗರಗಸ ತೆಗೆದುಕೊಂಡು ಸೇರಿಕೊಂಡೆ. ಬೆಳಿಗ್ಗೆ ನಾನು ಕೊಯ್ದ ಸಾಲುಗಳಿಂದಲೇ ಶುರುಮಾಡಿದೆ, ಅವರು ಅಲ್ಲಿಗೆ ಬರುವ ಮುಂಚೆ.

"ದೊಡ್ಡಮ್ಮ, ನಿಮ್ಗೆ ಬೂಟು?" ಎಂದಳು ಮುಳಬಾಗಿಲವಳು.

"ನನ್ನ ಜೊತೆ ಬೂಟು ಟೊಮೆಟೊಗೆ ದೃಷ್ಟಿ ತೆಗೀತಾ ಇದೆ."

ಇಬ್ಬರೂ ಗರಗಸ ಬಿಟ್ಟು ನಕ್ಕರು. ನನ್ನ ಮಾತಿಗೆ ನಕ್ಕಿದ್ದು. ಮರುಗಳಿಗೆಯೇ ಸುಗಟೂರಿನವಳು "ಥೇಟ್ ಚಿಕ್ಕಮ್ಮ ಹೇಳಿದಂಗೆ ಅದೆ" ಎಂದು ಸೇರಿಸಿದಳು.

ಸೂರ್ಯ ಇಳಿಯುವ ಹೊತ್ತಿಗೆ ಆಟೋ ಬಂತು. ಪಾದಕ್ಕೆ ಬಿಳಿ ಕಟ್ಟು. ಅಚ್ಚುಕಟ್ಟಾಗಿಯೇ ಕಟ್ಟಿದ್ದರು, ತಪ್ಪು ಹುಡುಕಿದೆ, ಸಿಗಲಿಲ್ಲ. ಜಗಲಿಯಲ್ಲಿ ಅವಳನ್ನು ಕೂರಿಸಿ ಕಾಲ ಕೆಳಗೆ ಎರಡು ದಿಂಬು ಇಟ್ಟೆವು. ಸುದ್ದಿ ಹೇಗೆ ಹರಡಿತೋ, ಓಣಿಯ ಹೆಂಗಸರೆಲ್ಲ ಬಂದರು. ಅವಳು ಒಂದೊಂದನ್ನೇ ಹೇಳತೊಡಗಿದಳು: ಸೂಜಿ ಎಷ್ಟುದ್ದ, ಡಾಕ್ಟರು ಎಷ್ಟು ಚಿಕ್ಕ ವಯಸ್ಸಿನವರು, ಚೂರನ್ನು ಚಿಮಟದಲ್ಲಿ ಹಿಡಿದು ತೋರಿಸಿದಾಗ "ಇದಕ್ಕೆ ಸೊಪ್ಪು ಬರ್ತದಾ ಸಾರ್, ನೆಟ್ಕೊಳ್ತೀನಿ" ಎಂದು ತಾನು ಕೇಳಿದ್ದು.

"ಯಾರು ತೊಳ್ದು ಕಟ್ಟಿದ್ದು, ಸರಿಯಾಗಿ ಮಾಡಿದಾರೆ ಅಂದ್ರು ಕಣಕ್ಕ ಡಾಕ್ಟರು" ಎಂದು ಎಲ್ಲರ ಮುಂದೆಯೇ ನನ್ನ ಕಡೆ ತಿರುಗಿದಳು. "ನಮ್ಮಕ್ಕ, ನಿಮ್ಮ ಆಸ್ಪತ್ರೇಲೇ ಇದ್ರು ಅಂದೆ. ಯಾರೋ ಗೊತ್ತಿಲ್ಲ, ನಾನು ಹೊಸಬ ಅಂದ್ರು. ಆದ್ರೆ ನಾಡಿದ್ದು ಡ್ರೆಸ್ಸಿಂಗ್‌ಗೆ ನಾನು ಅಲ್ಲಿಗೇ ಹೋಗ್ಬೇಕಂತೆ. ನೀವು ಬಂದ್ರೆ ನಮ್ಗೂ ಹೊತ್ತು ಹೋಗ್ತದೆ ಅಂದ್ರು."

ಜಗಲಿ ತುಂಬ ನಗು. ಅರ್ಧ ದಿನದಲ್ಲಿ ಅವಳು ಆ ಕೋಣೆಯವಳಾಗಿದ್ದಳು. ನಾನು ಅಲ್ಲಿಂದ ಎದ್ದೆ. ಏಳು ಗಂಟೆಗೆ ಕೊನೆಯ ಹೊತ್ತಿನ ಸೊಪ್ಪು ಬಾಕಿ ಇತ್ತು.

ಹುಳದ ಮನೆಯಲ್ಲಿ ನಾನು ಮತ್ತು ಮೈದುನ. ಅವನು ಹೊರೆ ಬಿಚ್ಚಿಕೊಟ್ಟ, ನಾನು ಅಟ್ಟಣೆಯ ಮೇಲೆ ಕಡ್ಡಿಗಳನ್ನು ಬುಡವೊಂದು ಕಡೆ ತುದಿಯೊಂದು ಕಡೆ ಬರುವಂತೆ ಅದಲುಬದಲಾಗಿ ಹರಡಿದೆ. ಒಂದು ಅಂಚನ್ನೂ ಬಿಡಲಿಲ್ಲ. ಹುಳ ದಪ್ಪಗೆ, ತಣ್ಣಗೆ, ಆರೋಗ್ಯವಾಗಿದ್ದವು. ಹೊರಗಿನಿಂದ ನಗು ಬರುತ್ತಲೇ ಇತ್ತು. "ಅವ್ಳು ರಾತ್ರಿಯೆಲ್ಲ ನಡುಗ್ತಾ ಇದ್ಳು ಅತ್ತಿಗೆ" ಎಂದ ಮೈದುನ, ತಲೆ ಬಗ್ಗಿಸಿ. "ಅತ್ತಿಗೇನ ಎಬ್ಬಿಸ್ಲಾ ಅಂದೆ. ಬೇಡ, ಅಕ್ಕ ಹೇಳಿದ್ದೇ ನಿಜ ಆಗೋಯ್ತು ಅಂತ ಆಗ್ತದೆ ಅಂದ್ಳು. ಬೂಟಿನ ವಿಷ್ಯ."

ಅಂದರೆ ಸೋಲಬಾರದೆನ್ನುವ ಹಟ ಗೋಡೆಯ ಆಚೆಯೂ ಇತ್ತು. ಉಳಿದ ಕಡ್ಡಿ ಹರಡಿ, ಕೈ ತೊಳೆದು, ಬಾಗಿಲು ಮುಂದಕ್ಕೆ ಎಳೆದೆ.

ಜಗಲಿಗೆ ಬಂದಾಗ ಅವಳು ಊಟ ಮುಗಿಸಿದ್ದಳು. ಮಾತ್ರೆಯ ಚೀಟಿ ಬೆಂಚಿನ ಮೇಲೆ ಹಾಗೇ ಬಿದ್ದಿತ್ತು. ಊಟವಾದ ಮೇಲೆ ಒಂದು, ಬೆಳಿಗ್ಗೆ ಒಂದು, ಐದು ದಿನ, ನಡುವೆ ನಿಲ್ಲಿಸುವಂತಿಲ್ಲ. ಇವಳು ಎರಡನೇ ದಿನಕ್ಕೇ ವಾಸಿಯಾಯಿತು ಎಂದು ಬಿಟ್ಟುಬಿಡುವವಳು. ಒಂದು ಮಾತ್ರೆ ಒತ್ತಿ ತೆಗೆದು, ಲೋಟದಲ್ಲಿ ನೀರು ಹಿಡಿದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋದೆ.

"ಬಾಯಿ ತೆಗಿ."

"ಕಥೆ ಮುಗಿಸ್ತೀನಿ ಇರಕ್ಕ."

"ಮೊದಲು ಮಾತ್ರೆ."

ಅವಳು ಸುತ್ತ ಕೂತವರನ್ನು ನೋಡಿ ಕಣ್ಣು ಮಿಟುಕಿಸಿದಳು. ಆಮೇಲೆ ಬಾಯಿ ತೆರೆದಳು. ನಾನು ಮಾತ್ರೆ ಹಾಕಿ, ನೀರು ಕುಡಿಸಿ, ನುಂಗಿದಳೇ ಎಂದು ನಾಲಿಗೆ ಎತ್ತಿಸಿ ನೋಡಿದೆ. ನುಂಗಿದ್ದಳು. ಹಣೆ ಮುಟ್ಟಿದೆ, ತಣ್ಣಗಿತ್ತು. ಅವಳು ಕಥೆ ಮುಂದುವರಿಸಿದಳು. ನಾನು ಲೋಟ ತೊಳೆದು ಬೋರಲು ಹಾಕಿ ನನ್ನ ಕಡೆಯ ಬಾಗಿಲು ಹಾಕಿಕೊಂಡೆ.